ಕೇಳದವರಿಗೂ ವಕೀಲ

1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಆರೋಪ ಸಾಬೀತಾಗಿದ್ದರೂ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಕೆಲವರು ಜೈಲಿನಲ್ಲೇ ಕೊಳೆತದ್ದು ಬಯಲಾಯಿತು. ಜಾಮೀನು ಕೇಳಲು ವಕೀಲರಿಲ್ಲ, ಭದ್ರತೆಗೆ ಕಾಸಿಲ್ಲ. ಉಚಿತ ಕಾನೂನು ನೆರವನ್ನು ದಾನವೆನ್ನುವವರು ಒಂದನ್ನು ಮರೆಯುತ್ತಾರೆ. ಸರ್ಕಾರಿ ಅಭಿಯೋಜಕರ ಸಂಬಳವೂ ಬೊಕ್ಕಸದ್ದೇ. ಎದುರು ನಿಂತ ಕೂಲಿಯವನ ಪರ ಯಾರೂ ಇಲ್ಲದಿದ್ದರೆ ಅದು ವಿಚಾರಣೆಯಾದೀತೇ?

1987ರ ಕಾನೂನು ಸೇವಾ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಈ ನೆರವು ಪಡೆಯಲು ಆದಾಯದ ಲೆಕ್ಕ ಕೊಡಬೇಕಿಲ್ಲ. ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಯಿದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಅಲ್ಲಿಯವರೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಪುಕ್ಕಟೆಯೆಂದರೆ ಹುಸಿ ದಾವೆಗಳು ಹೆಚ್ಚುತ್ತವೆ ಎಂಬ ಆಕ್ಷೇಪ ಟೊಳ್ಳು. ಮೇಲ್ನೋಟಕ್ಕೆ ಹುರುಳಿದೆಯೇ ಎಂದು ನೋಡಿಯೇ ನೆರವು ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಪುಕ್ಕಟೆ ವಕೀಲರು ಮನಸ್ಸಿಟ್ಟು ವಾದಿಸುವುದಿಲ್ಲವೆಂಬ ದೂರನ್ನು ಮಾತ್ರ ತಳ್ಳಿಹಾಕಲಾಗದು. ಆದರೆ ಅದಕ್ಕೆ ಮದ್ದು ತಕ್ಕ ಸಂಭಾವನೆ ಮತ್ತು ನಿಗಾ. ವ್ಯವಸ್ಥೆಗೇ ಬೀಗ ಜಡಿಯುವುದಲ್ಲ. ಕೇಳಿದವರಿಗಷ್ಟೇ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಗೆ 1986ರಲ್ಲೇ ಉತ್ತರ ಸಿಕ್ಕಿದೆ. ಅರುಣಾಚಲ ಪ್ರದೇಶದ ಆರೋಪಿಯೊಬ್ಬ ವಕೀಲರನ್ನು ಕೇಳಿರಲಿಲ್ಲ. ಕೇಳುವ ಹಕ್ಕಿದೆಯೆಂದು ಅವನಿಗೆ ಯಾರೂ ತಿಳಿಸಿಯೂ ಇರಲಿಲ್ಲ. ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನೇ ರದ್ದುಮಾಡಿತು.