ಬಾಣಬಿರುಸು ಮತ್ತು ತೆರೆದ ಷಟರು

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಐಮಂಗಲದ ಬಯಲು, ರಾಜ್ಯದಲ್ಲಿಯೇ ಅತ್ಯಲ್ಪ ಮಳೆ ಬೀಳುವ ಸೀಮೆಗೆ ಸೇರಿದ್ದಾದುದರಿಂದ, ದಟ್ಟವಾದ ಮರಗಳ ಮರೆಯಿಲ್ಲದೆ ನಾಲ್ಕು ದಿಕ್ಕಿಗೂ ತೆರೆದುಕೊಂಡಿದೆ. ದೀಪಾವಳಿಯ ಅಮಾವಾಸ್ಯೆಯಂದು ಊರೊಳಗಿಂದ ಮೇಲೇಳುವ ಒಂದೊಂದು ಬಾಣವೂ ದೂರದ ಹಟ್ಟಿಗಳಲ್ಲಿ ಕುರಿಯ ರೊಪ್ಪ ಕಾಯುತ್ತಾ ಕುಳಿತವರಿಗೂ ಕಾಣಿಸುತ್ತದೆ. ಇಂತಹ ಬಯಲಿನ ತರುಣನೊಬ್ಬನು ಇರುಳಿನ ಬಾಣಬಿರುಸುಗಳ ಛಾಯಾಚಿತ್ರವನ್ನು ತೆಗೆಯಬೇಕೆಂದು ಹಂಬಲಿಸಿದರೆ, ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತಿನ ನೂಕುನುಗ್ಗಲಿನೊಳಗೆ ಜಾಗಕ್ಕಾಗಿ ಹೆಣಗಾಡಬೇಕಾದುದಿಲ್ಲ. ತನ್ನ ಊರಿನ ಹೊಲದ ಬದುವೇ ಅವನಿಗೆ ಸಾಕು. ಆಕಾಶದ ಮಟ್ಟಿಗಂತೂ ಅದು ಮೈಸೂರಿಗಿಂತ ಮಿಗಿಲೆಂದೇ ಹೇಳಬೇಕು.

ಈ ವಿನೋದವು ನಮ್ಮ ನಾಡಿಗೆ ಹೊಸತಲ್ಲ. ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದಿದ್ದ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಉತ್ಸವವನ್ನು ವರ್ಣಿಸುವಾಗ ಅಲ್ಲಿ ಸುಟ್ಟ ಬಾಣಬಿರುಸುಗಳನ್ನು ಮರೆಯದೆ ಸ್ಮರಿಸಿದ್ದಾನೆ; ವಿದ್ವಾಂಸರಾದ ಪಿ. ಕೆ. ಗೋಡೆಯವರು 1400ರಿಂದ 1900ರವರೆಗಿನ ಭಾರತದ ಬಾಣಬಿರುಸಿನ ಚರಿತ್ರೆಯನ್ನು ಕುರಿತು ಬರೆದ ಪ್ರಬಂಧವು 1953ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. ಆದರೆ ರಜಾಕನು ಕಂಡ ಬೆಳಕು ಬಹುಮಟ್ಟಿಗೆ ಹೊಂಬಣ್ಣದ್ದೇ ಆಗಿದ್ದಿರಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಮೂರರ ಮಿಶ್ರಣವು ಉರಿಯುವಾಗ ಕೆಂಡದ ಬಣ್ಣವನ್ನಲ್ಲದೆ ಬೇರೆಯದನ್ನು ಸುಲಭವಾಗಿ ಕೊಡಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬಳಕೆಗೆ ಬಂದು ಉರಿಯ ತಾಪವು ಏರಿದ ಮೇಲೆಯೇ, ಸ್ಟ್ರಾಂಶಿಯಂ ಲವಣದಿಂದ ಕಡುಗೆಂಪು, ಬೇರಿಯಂನಿಂದ ಹಸುರು, ತಾಮ್ರದಿಂದ ನೀಲಿ, ಸೋಡಿಯಂನಿಂದ ಹಳದಿ, ಅಲ್ಯುಮಿನಿಯಂ ಪುಡಿಯಿಂದ ಬೆಳ್ಳಿಯ ಬಿಳುಪು ಹೀಗೆ ಇಂದು ನಾವು ಕಾಣುವ ವರ್ಣವೈಭವವು ಒದಗಿತು. ಈ ರಸಾಯನಶಾಸ್ತ್ರವನ್ನು ಇಲ್ಲಿ ಎತ್ತಲು ಕಾರಣವಿದೆ: ಬಾಣಬಿರುಸಿನ ಚಿತ್ರ ಕೆಡುವುದು ಬಹುತೇಕ ಕತ್ತಲೆಯಿಂದಲ್ಲ, ಈ ಬಣ್ಣಗಳು ಅತಿಯಾದ ಬೆಳಕಿನಲ್ಲಿ ಕರಗಿ ಸುಣ್ಣದ ಗೆರೆಗಳಾಗಿಬಿಡುವುದರಿಂದ.

ಷಟರು ಎಷ್ಟು ಹೆಚ್ಚು ಹೊತ್ತು ತೆರೆದಿರುತ್ತದೆಯೋ ಚಿತ್ರವು ಅಷ್ಟು ಹೆಚ್ಚು ಬೆಳಗುತ್ತದೆಂಬುದು ಕ್ಯಾಮೆರಾ ಕಲಿಯುವವರಿಗೆಲ್ಲ ಮೊದಲ ದಿನವೇ ಹೇಳಿಕೊಡುವ ಪಾಠ. ಗುಡಿ, ಬಂಡೆ, ಬೀದಿದೀಪಗಳಂತಹ ಸ್ಥಾವರ ವಸ್ತುಗಳ ವಿಷಯದಲ್ಲಿ ಅದು ನಿಜ. ಬಾಣದ ಕಿಡಿಯ ವಿಷಯದಲ್ಲಿ ಅದು ಸಲ್ಲದು. ಹೇಗೆಂದರೆ, ಸಿಡಿದು ಹಾರುವ ಕಿಡಿಯ ಬಿಂಬವು ಸೆನ್ಸರಿನ ಯಾವೊಂದು ಬಿಂದುವಿನ ಮೇಲೂ ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಕೂಡ ನಿಲ್ಲದೆ ಮುಂದಕ್ಕೆ ಸರಿದುಹೋಗುವುದರಿಂದ, ಆ ಬಿಂದುವಿಗೆ ದೊರೆತ ಬೆಳಕು ದೊರೆತಷ್ಟೇ. ಆಮೇಲೆ ಷಟರು ಎರಡು ಸೆಕೆಂಡು ತೆರೆದಿದ್ದರೂ ಹತ್ತು ಸೆಕೆಂಡು ತೆರೆದಿದ್ದರೂ ಆ ಗೆರೆಯು ಇನ್ನಷ್ಟು ಬೆಳಗುವ ಸಂಭವವಿಲ್ಲ. ಅಂಗಳದಲ್ಲಿ ರಂಗೋಲಿಯಿಡುವವರ ಕೈಯನ್ನು ನೋಡಿದರೆ ಇದು ಅರ್ಥವಾದೀತು: ಎಳೆಯ ದಪ್ಪವನ್ನು ನಿರ್ಧರಿಸುವುದು ಬೆರಳುಗಳ ಸಂದಿಯಿಂದ ಉದುರುವ ಪುಡಿಯ ಪ್ರಮಾಣವೇ ಹೊರತು ಅವರು ಅಂಗಳದಲ್ಲಿ ಕುಳಿತ ಹೊತ್ತಲ್ಲ, ಹೆಚ್ಚು ಹೊತ್ತು ಕುಳಿತರೆ ಎಳೆಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ. ಕ್ಯಾಮೆರಾದಲ್ಲಿ ಆ ಬೆರಳ ಸಂದಿಯ ಕೆಲಸವನ್ನು ಮಾಡುವುದು ಅಪರ್ಚರು, ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ. ಕಿಡಿಯ ಗೆರೆಯ ಕಾಂತಿಯನ್ನೂ ಬಣ್ಣವನ್ನೂ ಆಳುವುದು ಅಪರ್ಚರು ಮತ್ತು ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯ ಅಳತೆ. ಚಿತ್ರದಲ್ಲಿ ಎಷ್ಟು ಹೂಗಳು ಅರಳಬೇಕು, ಹಿನ್ನೆಲೆಯ ಆಕಾಶ ಎಷ್ಟು ಕಪ್ಪಾಗಿರಬೇಕು ಎಂಬುದನ್ನು ಆಳುವುದು ಷಟರಿನ ಅವಧಿ. ಈ ಎರಡನ್ನು ಬೇರ್ಪಡಿಸಿಕೊಂಡವನಿಗೆ ಮಿಕ್ಕದ್ದೆಲ್ಲ ಅಭ್ಯಾಸದ ಮಾತು.

ಆರಂಭಕ್ಕೆ ಐಎಸ್‌ಒ 100, ಅಪರ್ಚರು ಎಫ್ 11 ಎಂದಿಟ್ಟುಕೊಳ್ಳಬಹುದು. ಮೊದಲ ಬಾಣದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಬೇಕು; ಕೆಂಪು ಕೆಂಪಾಗಿಯೇ ಇದ್ದರೆ ಸರಿ, ಗೆರೆಯ ನಡುವೆ ಬಿಳುಪು ಕಾಣಿಸಿಕೊಂಡರೆ ಎಫ್ 16ಕ್ಕೆ ಕಿರಿದುಮಾಡಬೇಕು, ಎಳೆಗಳು ಸೊರಗಿದ್ದರೆ ಎಫ್ 8ಕ್ಕೆ ಹಿಗ್ಗಿಸಬೇಕು. ಗುಂಡಿಯನ್ನು ಒತ್ತಿರುವಷ್ಟು ಹೊತ್ತೂ ಷಟರು ತೆರೆದಿರುವ ‘ಬಿ’ ಎಂಬ ಗುರುತಿನಲ್ಲಿಟ್ಟು, ಕೈ ತಗುಲಿ ಅಲುಗದಂತೆ ಕೇಬಲ್ಲಿನ ಗುಂಡಿಯಿಂದಲೋ ರಿಮೋಟಿನಿಂದಲೋ ಒತ್ತಿ ಹಿಡಿಯಬೇಕು. ಬಾಣವು ನೆಲವನ್ನು ಬಿಡುವ ಸದ್ದಿಗೆ ತೆರೆದು, ಕೊನೆಯ ಕಿಡಿಯು ಬಾಗಿ ನಂದುವಾಗ ಮುಚ್ಚಿದರೆ ಮೂರರಿಂದ ಆರು ಸೆಕೆಂಡಾಗುತ್ತದೆ. ಏರುವಾಗಿನ ಒಂಟಿ ಗೆರೆಯೂ ಅರಳಿದ ಹೂವೂ ಒಂದೇ ಚಿತ್ರದಲ್ಲಿ ಸೇರಿ ದಂಟಿನೊಡನೆ ಪುಷ್ಪವು ದೊರೆಯುತ್ತದೆ.

ಬಾಣ ಬಾಣಕ್ಕೂ ನಡುವೆ ಹೆಚ್ಚು ಬಿಡುವಿರುವ ಹಳ್ಳಿಯ ಹಬ್ಬದಲ್ಲಿ ಇನ್ನೊಂದು ಉಪಾಯ ಬಹಳ ಉಪಯುಕ್ತ. ಷಟರನ್ನು ತೆರೆದೇ ಬಿಟ್ಟು, ಲೆನ್ಸಿನ ಮುಂದೆ ಅದಕ್ಕೆ ತಗುಲದಂತೆ ಒಂದು ಕಪ್ಪು ರಟ್ಟನ್ನು ಹಿಡಿದುಕೊಂಡಿದ್ದು, ಬಾಣ ಏಳುವಾಗ ರಟ್ಟನ್ನು ಸರಿಸಿ, ಅದು ಆರಿದೊಡನೆ ಮತ್ತೆ ಮರೆಮಾಡಬೇಕು. ಮೂರು ನಾಲ್ಕು ಬಾಣಗಳು ಹೀಗೆ ಒಂದೇ ಆಕಾಶದಲ್ಲಿ ಶೇಖರವಾದ ಬಳಿಕ ಷಟರನ್ನು ಮುಚ್ಚಬೇಕು. ಅಮಾವಾಸ್ಯೆಯ ಕಗ್ಗತ್ತಲು ಇದಕ್ಕೆ ಪರಮಾನುಕೂಲ. ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ತೇರುಗಳಲ್ಲಿ ಬೆಳುದಿಂಗಳೂ ಜಾತ್ರೆಯ ಅಂಗಡಿಗಳ ದೀಪಗಳೂ ಹೊಗೆಯ ಮೇಲೆ ಬಿದ್ದು ಆಕಾಶವೆಲ್ಲ ಮಾಸಲಾಗುವುದರಿಂದ ಅಷ್ಟು ಧಾರಾಳವಾಗಿ ಕಾಯುವಂತಿಲ್ಲ. ಆಸೆಬುರುಕತನದಿಂದ ಹತ್ತು ಹದಿನೈದು ಬಾಣಗಳನ್ನು ಒಂದರ ಮೇಲೊಂದು ಹೇರುವವರೂ ಉಂಟು. ಅಂತಹ ಚಿತ್ರಗಳು ನೋಡುವವರ ಕಣ್ಣಿಗೆ ಆಯಾಸವನ್ನು ಮಾತ್ರ ಕೊಡುತ್ತವೆ.

ಹಬ್ಬದ ದಿನಕ್ಕೆ ಮೊದಲು ಕೈ ಪಳಗಿಸಿಕೊಳ್ಳಲು ಐಮಂಗಲದವರಿಗೆ ಹೆದ್ದಾರಿಯೇ ಪಾಠಶಾಲೆ. ರಾತ್ರಿಯೆಲ್ಲ ಓಡುವ ಲಾರಿಗಳ ಮುಂದಿನ ದೀಪ ಬಿಳಿಯ ಗೆರೆಯಾಗಿಯೂ ಹಿಂದಿನ ದೀಪ ಕೆಂಪು ಗೆರೆಯಾಗಿಯೂ ಮೂಡುವುದು ಬಾಣದ ಕಿಡಿಯ ನಿಯಮದಿಂದಲೇ; ಅಪರ್ಚರನ್ನು ಬದಲಾಯಿಸಿದರೆ ಗೆರೆ ಬದಲಾಗುವುದನ್ನೂ, ಅವಧಿಯನ್ನು ಬದಲಾಯಿಸಿದರೆ ಗೆರೆಗಳ ಉದ್ದವೂ ಸಂಖ್ಯೆಯೂ ಬದಲಾಗುವುದನ್ನೂ ಅಲ್ಲಿ ಖರ್ಚಿಲ್ಲದೆ ಕಾಣಬಹುದು. ಟ್ರೈಪಾಡನ್ನು ಮಾತ್ರ ಮೇಲ್ಸೇತುವೆಯ ಮೇಲೆ ಊರಬಾರದು. ಭಾರದ ಲಾರಿಯೊಂದು ಹಾದರೆ ಸೇತುವೆಯೇ ನಡುಗುತ್ತದೆ. ವಾಹನಗಳ ಅಪಾಯವೂ ಇದೆ. ರಸ್ತೆಯಿಂದ ದೂರದ ಗಟ್ಟಿ ನೆಲವೇ ಲೇಸು. ಕತ್ತಲೆಯಲ್ಲಿ ಕ್ಯಾಮೆರಾದ ಆಟೋಫೋಕಸ್ ತಡಕಾಡುವುದರಿಂದ, ದೂರದ ದೀಪವೊಂದಕ್ಕೆ ಫೋಕಸ್ ಮಾಡಿ, ಕೂಡಲೇ ಅದನ್ನು ಮ್ಯಾನ್ಯುಯಲ್ಲಿಗೆ ತಿರುಗಿಸಿ, ಲೆನ್ಸಿನ ಬಳೆಯು ಅಲುಗದಂತೆ ಒಂದು ತುಂಡು ಟೇಪನ್ನು ಅಂಟಿಸಿಬಿಡುವುದು ಒಳ್ಳೆಯದು. ಕ್ಯಾಮೆರಾ ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಕಂಪನ ನಿವಾರಕವನ್ನು ಆರಿಸಿಡಬೇಕು. ಫ್ಲಾಷ್ ಆಕಾಶವನ್ನು ಮುಟ್ಟದಾದುದರಿಂದ ಅದೂ ಬೇಡ.

ಹೊಗೆ ಈ ಕಲೆಯ ಪರಮಶತ್ರು. ಮೊದಲ ಕೆಲವು ಬಾಣಗಳ ಚಿತ್ರವು ಸ್ವಚ್ಛವಾಗಿ ಬಂದು, ಅನಂತರದವು ಮಬ್ಬುಮಬ್ಬಾಗುವುದಕ್ಕೆ ತೇಲಿ ನಿಂತ ಹೊಗೆಯೇ ಕಾರಣ. ಗಾಳಿಯು ನಮ್ಮ ಬೆನ್ನಿಗೆ ಅಥವಾ ಪಕ್ಕಕ್ಕೆ ಬೀಸುವ ಕಡೆ ನಿಂತರೆ ಹೊಗೆ ನಮ್ಮತ್ತ ಬಾರದೆ ಸರಿಯುತ್ತದೆ. ಹಿರಿಯೂರು-ಚಿತ್ರದುರ್ಗದ ಸೀಮೆಯವರಿಗೆ ಗಾಳಿಯ ದಿಕ್ಕನ್ನು ತಿಳಿಯಲು ಮಣ್ಣನ್ನು ತೂರಿ ನೋಡುವ ಕಷ್ಟವೂ ಇಲ್ಲ. ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳು ಗಾಳಿ ಬರುವ ದಿಕ್ಕಿಗೇ ಮುಖಮಾಡುವಂತೆ ತಿರುಗಿಕೊಳ್ಳುವ ಕಾರಣ, ಹೊತ್ತು ಮುಳುಗುವ ಮುನ್ನ ಅವುಗಳ ಮುಖ ಯಾವ ಕಡೆಗಿದೆಯೆಂದು ಗಮನಿಸಿದರೆ ಹೊಗೆಯು ಎತ್ತ ಸಾಗೀತೆಂಬುದು ಗೊತ್ತಾಗುತ್ತದೆ.

ದೂರದ ಲೆಕ್ಕವೂ ಸುಲಭ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಬೆಳಕು ಕಂಡು ಮೂರು ಎಣಿಸಿದ ಮೇಲೆ ಸದ್ದು ಕೇಳಿಸಿದರೆ ಬಾಣವು ಒಂದು ಕಿಲೋಮೀಟರಿನಾಚೆ ಸಿಡಿದಿದೆಯೆಂದರ್ಥ. ಸುಮಾರು 90 ಮೀಟರ್ ಎತ್ತರಕ್ಕೇರಿ ಸಿಡಿಯುವ ಗುಂಡನ್ನು 200 ಮೀಟರ್ ದೂರದಿಂದ ನೋಡಿದರೆ ಅದು ನೆಲಮಟ್ಟದಿಂದ 24 ಡಿಗ್ರಿ ಮೇಲೆ ಕಾಣಿಸುತ್ತದೆ. ಆಗ 35 ಮಿಲಿಮೀಟರಿನ ಲೆನ್ಸನ್ನು ನಿಲುವಾಗಿ ಹಿಡಿದರೆ ನೆಲವೂ ಹೂವೂ ಎರಡೂ ಒಳಗೊಳ್ಳುತ್ತವೆ. ನೆಲವಿಲ್ಲದ ಬಾಣಬಿರುಸಿನ ಚಿತ್ರವು ಯಾವ ಊರಿನದ್ದಾದರೂ ಆಗಬಹುದು. ಐಮಂಗಲದ್ದೇ ಎಂದು ತಿಳಿಯಬೇಕಾದರೆ ಕೆಳಗೆ ಗುಡಿಯ ಗೋಪುರವೋ, ಬೇವಿನ ಮರದ ಕಪ್ಪು ನೆರಳೋ, ಸೂರುಗಳ ಸಾಲೋ ಇರಲೇಬೇಕು.

ಗುಡಿಯನ್ನು ಸೇರಿಸಿಕೊಂಡಾಗ ಮೇಲೆ ಹೇಳಿದ ಎರಡು ಆಡಳಿತಗಳೂ ಏಕಕಾಲದಲ್ಲಿ ನಡೆಯುತ್ತವೆ. ಗೋಪುರ ಸ್ಥಾವರವಾದುದರಿಂದ ಅದರ ಮೇಲೆ ಬಿದ್ದ ದೀಪದ ಬೆಳಕು ಸೆಕೆಂಡು ಸೆಕೆಂಡಿಗೂ ಸಂಚಯವಾಗುತ್ತ ಹೋಗುತ್ತದೆ. ಬಾಣಕ್ಕೆ ಆ ಸಂಚಯವಿಲ್ಲ. ಆದಕಾರಣ ಮೊದಲು ಬಾಣಕ್ಕೆ ತಕ್ಕ ಅಪರ್ಚರನ್ನು ನಿಶ್ಚಯಿಸಿ, ಆಮೇಲೆ ಗೋಪುರಕ್ಕೆ ತಕ್ಕ ಅವಧಿಯನ್ನು ನಿಶ್ಚಯಿಸಬೇಕು. ಚೆನ್ನಾಗಿ ದೀಪ ಹಾಕಿದ ಗುಡಿಗೆ ಐಎಸ್‌ಒ 100, ಎಫ್ 11ರಲ್ಲಿ ಸುಮಾರು ನಾಲ್ಕರಿಂದ ಎಂಟು ಸೆಕೆಂಡು ಸಾಕಾಗುತ್ತದೆ. ಅದೃಷ್ಟವಶಾತ್ ಒಂದು ಬಾಣದ ಆಯುಸ್ಸೂ ಹೆಚ್ಚುಕಡಮೆ ಅಷ್ಟೇ. ದೀಪವಿಲ್ಲದ ಹಳೆಯ ಗುಡಿಯಾದರೆ ಅದು ಕಪ್ಪು ಆಕೃತಿಯಾಗಿಯೇ ಉಳಿಯಲಿ, ಅದಕ್ಕೊಂದು ಗಾಂಭೀರ್ಯವಿದೆ.

ಇಂದು ಹಳ್ಳಿಯಲ್ಲಿ ಕ್ಯಾಮೆರಾಕ್ಕಿಂತ ಮೊಬೈಲೇ ಹೆಚ್ಚು. ಕೆಲವು ಮಾದರಿಗಳನ್ನು ಬಿಟ್ಟರೆ ಮೊಬೈಲಿನ ಅಪರ್ಚರನ್ನು ಬದಲಾಯಿಸಲು ಬರುವುದಿಲ್ಲ. ಅದು ಸಾಮಾನ್ಯವಾಗಿ ಎಫ್ 1.8ರ ಹತ್ತಿರ ಅಗಲವಾಗಿ ತೆರೆದೇ ಇರುವುದರಿಂದ ಕಿಡಿಗಳು ಬೇಗನೆ ಬಿಳುಚಿಕೊಳ್ಳುತ್ತವೆ. ‘ಪ್ರೊ’ ಎಂಬ ವಿಧಾನದಲ್ಲಿ ಐಎಸ್‌ಒವನ್ನು ಅತ್ಯಂತ ಕೆಳಗಿಳಿಸಿ, ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಸ್ವಲ್ಪ ದೂರಕ್ಕೆ ಸರಿದು, ಎರಡು ಸೆಕೆಂಡಿನ ಚಿತ್ರಗಳನ್ನು ತೆಗೆಯುವುದು ಒಂದು ಮಟ್ಟಿಗಿನ ಪರಿಹಾರ. ಅಪರ್ಚರನ್ನು ಕಿರಿದಾಗಿಸಬಲ್ಲ ಹಳೆಯ ಕ್ಯಾಮೆರಾವೊಂದು ಎಲ್ಲಿಯಾದರೂ ಅಗ್ಗವಾಗಿ ದೊರೆತರೆ, ಈ ಕೆಲಸಕ್ಕೆ ನಾನು ಅದನ್ನೇ ಆರಿಸಿಕೊಳ್ಳುವೆನು.

ಹೊತ್ತಿನ ನಿರ್ಬಂಧವನ್ನೂ ನೆನಪಿಡಬೇಕು. ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರಂದು ಕೊಟ್ಟ ತೀರ್ಪಿನಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಎರಡು ಗಂಟೆಗಳನ್ನು ಮಾತ್ರ ಗೊತ್ತುಮಾಡಿ, ಬೇರಿಯಂ ಲವಣಗಳ ಬಳಕೆಯನ್ನು ನಿಷೇಧಿಸಿತು. ಆದುದರಿಂದ ಸ್ಥಳದ ಆಯ್ಕೆ, ಟ್ರೈಪಾಡಿನ ಸ್ಥಾಪನೆ, ಫೋಕಸ್ ಇವೆಲ್ಲ ಎಂಟಕ್ಕೆ ಮೊದಲೇ ಮುಗಿದಿರತಕ್ಕದ್ದು.

ಕಡೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ದೀಪಾವಳಿಯ ಹೊತ್ತಿಗೆ ಈ ಸೀಮೆಯಲ್ಲಿ ಶೇಂಗಾ ಕಿತ್ತು ಬಳ್ಳಿಯನ್ನು ಬಣವೆ ಹಾಕಿರುತ್ತಾರೆ; ಬೇಸಗೆಯವರೆಗೂ ದನಕುರಿಗಳಿಗೆ ಅದೇ ಮೇವು. ಚಿತ್ರದಲ್ಲಿ ಹೂವು ಸರಿಯಾದ ಜಾಗದಲ್ಲಿ ಅರಳಲೆಂದು ಬಣವೆಯ ಕಡೆಗೋ ಕುರಿರೊಪ್ಪದ ಕಡೆಗೋ ಬಾಣವನ್ನು ತಿರುಗಿಸಿ ಹಚ್ಚೆಂದು ಯಾರಿಗೂ ಹೇಳಬೇಡಿ. ಹತ್ತಿಸಿಯೂ ಹಾರದೆ ನಿಂತ ಬಾಣದ ಬಳಿಗೆ, ಇನ್ನೊಂದು ಚಿತ್ರದ ಆಸೆಗಾಗಿ, ಹುಡುಗರನ್ನು ಮತ್ತೆ ಕಳುಹಿಸಬೇಡಿ.