ಅತಿಮಾನವರ ಆಟದಲ್ಲಿ ‘ಕರ್ಮ’ದ ಲೆಕ್ಕ

ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಪರದೆಯಿಲ್ಲದೆ, ಯಂತ್ರವಿಲ್ಲದೆ, ಬರೀ ಮಾತು, ಕಾಗದ, ಪೆನ್ಸಿಲ್ ಮತ್ತು ದಾಳಗಳಿಂದ ಅವರ ಸಾಹಸಗಳನ್ನು ಆಡಬಹುದೆಂದು ಬಲ್ಲಿರಾ? 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಹುಡುಗರು ಮೇಜಿನ ಸುತ್ತ ಕುಳಿತು ಇದನ್ನೇ ಆಡುತ್ತಿದ್ದರು. ಇಂದು ಐವತ್ತು ದಾಟಿದ ಅವರಲ್ಲಿ ಹಲವರು ಆ ದಿನಗಳನ್ನು ನೆನೆದು ಹಂಬಲಿಸುತ್ತಾರೆ. ಆ ಆಟದಲ್ಲಿ ಅಂಥದ್ದೇನಿತ್ತು?

ಗುಂಪಿನಲ್ಲಿ ಒಬ್ಬರು ಕಥೆ ನಡೆಸುವವರು. ‘ಕಟ್ಟಡಕ್ಕೆ ಬೆಂಕಿ ಬಿದ್ದಿದೆ, ಖಳನಾಯಕ ಓಡುತ್ತಿದ್ದಾನೆ, ಏನು ಮಾಡುತ್ತೀರಿ?’ ಎಂದು ಅವರು ಕೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಉತ್ತರಿಸುತ್ತಾರೆ. ಪ್ರಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ಈ ಬಗೆಯ ಆಟಕ್ಕೆ ದಾರಿ ತೆರೆದದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅತಿಮಾನವರ ಆಟಗಳಲ್ಲಿ 1981ರ ‘ಚಾಂಪಿಯನ್ಸ್’, 1984ರ ‘ಮಾರ್ವೆಲ್ ಸೂಪರ್ ಹೀರೋಸ್’, 1985ರ ‘ಡಿಸಿ ಹೀರೋಸ್’ ಹೆಸರಾದವು.

ಇವುಗಳ ಒಳಗೆ ಒಳ್ಳೆಯ ಗಣಿತವಿದೆ. ‘ಚಾಂಪಿಯನ್ಸ್’ನಲ್ಲಿ ಮೂರು ದಾಳ ಉರುಳಿಸಬೇಕು. ಅವು ಬೀಳಬಹುದಾದ ರೀತಿಗಳು 216. ಮೊತ್ತ 3 ಬರುವುದು ಒಂದೇ ರೀತಿಯಲ್ಲಿ. 10 ಬರುವುದು 27 ರೀತಿಗಳಲ್ಲಿ. ಹಾಗಾಗಿ ಪವಾಡ ಅಪರೂಪ, ಸಾಧಾರಣ ಫಲವೇ ಹೆಚ್ಚು. ‘ಡಿಸಿ ಹೀರೋಸ್’ನಲ್ಲಿ ಬಲ ಒಂದು ಅಂಕ ಏರಿದರೆ ಎತ್ತಬಲ್ಲ ತೂಕ ಇಮ್ಮಡಿ, ಹತ್ತು ಅಂಕ ಏರಿದರೆ 1024 ಪಟ್ಟು. ಸಾಮಾನ್ಯ ಮನುಷ್ಯನೂ ಸೂಪರ್‌ಮ್ಯಾನನೂ ಒಂದೇ ಅಳತೆಪಟ್ಟಿಯಲ್ಲಿ ಹಿಡಿಸುವುದು ಹೀಗೆ. ಲಾಗರಿದಮ್ ಪುಸ್ತಕ ಹಿಡಿದು ಪರೀಕ್ಷೆ ಬರೆದವನು ನಾನು; ಅದರೊಳಗೆ ಸೂಪರ್‌ಮ್ಯಾನ್ ಅಡಗಿದ್ದಾನೆಂದು ಆಗ ಯಾರೂ ಹೇಳಲಿಲ್ಲ!

ನಮಗೆ ಹತ್ತಿರವಾದ ಮಾತೊಂದು ಮಾರ್ವೆಲ್ ಆಟದಲ್ಲಿದೆ: ‘ಕರ್ಮ’. ನಾವು ‘ಎಲ್ಲಾ ನನ್ನ ಕರ್ಮ’ ಎಂದು ಹಣೆ ಚಚ್ಚಿಕೊಳ್ಳುತ್ತೇವೆ. ಅಲ್ಲಿ ಕರ್ಮವೆಂದರೆ ಗಳಿಸಿ ಕೂಡಿಡುವ ಅಂಕ. ಜನರನ್ನು ಕಾಪಾಡಿದರೆ ಅದು ಏರುತ್ತದೆ. ದಾಳ ಕೈಕೊಟ್ಟಾಗ ಕೂಡಿಸಿಕೊಳ್ಳಲು ಅದನ್ನೇ ಖರ್ಚು ಮಾಡಬಹುದು. ಶಕ್ತಿ ಬೆಳೆಸಿಕೊಳ್ಳಲೂ ಅದೇ ಬಂಡವಾಳ. ಆದರೆ ನಾಯಕ ಒಬ್ಬನನ್ನು ಕೊಂದರೆ ಗಳಿಸಿದ ಕರ್ಮವೆಲ್ಲ ಸೊನ್ನೆ. ಹೊಡೆಯುವ ಶಕ್ತಿ ಎಷ್ಟಿದ್ದರೂ ತಡೆದುಕೊಳ್ಳುವುದನ್ನು ನಿಯಮವೇ ಕಲಿಸುತ್ತಿತ್ತು.

ಇಲ್ಲಿ ಒಬ್ಬ ಗೆದ್ದು ಇನ್ನೊಬ್ಬ ಸೋಲುವುದಿಲ್ಲ. ಎಲ್ಲರೂ ಸೇರಿ ಕಥೆ ಕಟ್ಟುತ್ತಾರೆ. ಆದ್ದರಿಂದಲೇ ನೆನಪೂ ಗುಂಪಿನದು. ಹಳೆಯ ನಿಯಮ ಪುಸ್ತಕ ಹುಡುಕಿದರೆ ಸಿಕ್ಕೀತು. ಆ ಐದಾರು ಗೆಳೆಯರು ಮತ್ತೆ ಒಂದೇ ಮೇಜಿಗೆ ಬರುವುದು ಅಷ್ಟು ಸುಲಭವಲ್ಲ.

ಈಗ ನೀವು ಹೇಳಿ: ಓಡುತ್ತಿರುವ ಖಳನಾಯಕನನ್ನು ಹಿಡಿಯುತ್ತೀರೋ, ಬೆಂಕಿಯಲ್ಲಿ ಸಿಲುಕಿದವರನ್ನು ಕಾಪಾಡುತ್ತೀರೋ? ಗೆಳೆಯರೊಡನೆ ಕುಳಿತು ಚರ್ಚಿಸಿ. ಆಟ ಅಲ್ಲಿಂದಲೇ ಶುರು.