ಎಡವಿದ ಕಾಲಿಗೆ ಕಾಲು ಸೆಕೆಂಡು

ಹೊಸ್ತಿಲು ಎಡವಿದ ಇಪ್ಪತ್ತರ ಹುಡುಗ ಮುಗ್ಗರಿಸಿದರೂ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳುತ್ತಾನೆ. ಎಪ್ಪತ್ತೈದರ ಅಜ್ಜ ಬಿದ್ದುಬಿಡುತ್ತಾರೆ. ‘ಕಾಲಲ್ಲಿ ಶಕ್ತಿಯಿಲ್ಲ’ ಎನ್ನುತ್ತೇವೆ. ಆದರೆ ಬೆಳಗ್ಗೆ ತುಂಬಿದ ಕೊಡ ಎತ್ತಿಟ್ಟವರೂ ಅವರೇ. ಶಕ್ತಿ ಇತ್ತು, ಬೇಕಾದ ಗಳಿಗೆಗೆ ಬರಲಿಲ್ಲ.

ತೊಡೆಯ ಸ್ನಾಯು ತನ್ನ ಪೂರ್ತಿ ಬಲ ತೋರಲು ಸಾಮಾನ್ಯವಾಗಿ 300 ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಎಡವಿದವರಿಗೆ ಅಷ್ಟು ಪುರುಸೊತ್ತಿಲ್ಲ. ಮೊದಲ 200 ಮಿಲಿಸೆಕೆಂಡಿನಲ್ಲಿ ಹುಟ್ಟಿದ ಬಲವಷ್ಟೇ ಕೈಹಿಡಿಯುವುದು. ವಯಸ್ಸಾದಂತೆ ಬೇಗ ಸೊರಗುವುದು ಈ ಚುರುಕುತನವೇ. ಒಟ್ಟು ಬಲ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ.

ಸ್ನಾಯುವಿನಲ್ಲಿ ನಿಧಾನದ ತಂತುಗಳೂ ಇವೆ, ವೇಗದ ತಂತುಗಳೂ ಇವೆ. ತೀರಿಕೊಂಡ ಗಂಡಸರ ತೊಡೆಯ ಸ್ನಾಯುವನ್ನು ಇಡಿಯಾಗಿ ಪರೀಕ್ಷಿಸಿದ ಸ್ವೀಡನ್ನಿನ ಸಂಶೋಧಕರು, 20ರಿಂದ 80 ವರ್ಷದೊಳಗೆ ಅದರ ಗಾತ್ರ ಸುಮಾರು ಶೇ. 40ರಷ್ಟು ಕುಗ್ಗುವುದನ್ನು 1988ರಲ್ಲಿ ವರದಿ ಮಾಡಿದರು. ತಂತುಗಳ ಸಂಖ್ಯೆ ಇಳಿದಿತ್ತು. ಉಳಿದವುಗಳಲ್ಲಿ ಸಣಕಲಾದವು ಮುಖ್ಯವಾಗಿ ವೇಗದವು. ಮೂಲ ಇನ್ನೂ ಮೇಲಿದೆ, ಬೆನ್ನುಹುರಿಯಲ್ಲಿ. ಅರವತ್ತು ದಾಟಿದ ಮೇಲೆ ಅಲ್ಲಿನ ಚಾಲಕ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅನಾಥವಾದ ತಂತುಗಳಲ್ಲಿ ಕೆಲವನ್ನು ಪಕ್ಕದ ನರಕೋಶ ದತ್ತು ತೆಗೆದುಕೊಳ್ಳುತ್ತದೆ. ಸಾಕುವ ನರಕೋಶ ನಿಧಾನದ್ದಾದರೆ ತಂತುವೂ ಅದರ ಗುಣವನ್ನೇ ಕಲಿಯುತ್ತದೆ. ಜೊತೆಗೆ ನರ ಕಳಿಸುವ ಸಂಕೇತಗಳ ವೇಗವೂ ಕುಂದುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಸಡಿಲವಾಗುತ್ತದೆ. ಸಡಿಲ ಹಗ್ಗ ಎಳೆದಂತೆ, ಮೊದಲ ಎಳೆತವೆಲ್ಲ ಹಗ್ಗ ಬಿಗಿಯಾಗುವುದಕ್ಕೇ ಹೋಗುತ್ತದೆ.

ಇದು ಹಣೆಬರಹ ಎಂದು ಕೈಚೆಲ್ಲಬೇಕಿಲ್ಲ. 1990ರಲ್ಲಿ ಪ್ರಕಟವಾದ ಬೋಸ್ಟನ್ನಿನ ಅಧ್ಯಯನವೊಂದರಲ್ಲಿ ತೊಂಬತ್ತರ ಆಸುಪಾಸಿನ ವೃದ್ಧರು ಎಂಟು ವಾರ ತೂಕ ಎತ್ತುವ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ವೇಗವಾಗಿ ಬಲ ಹಾಕುವ ಅಭ್ಯಾಸದಿಂದ ಚುರುಕುತನವೂ ಮರಳುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ.

ನಿಧಾನದ ವಾಕಿಂಗ್ ಹೃದಯಕ್ಕೆ ಒಳ್ಳೆಯದು. ವೇಗದ ತಂತುಗಳಿಗೆ ಮಾತ್ರ ಅದರಿಂದ ಹೆಚ್ಚು ಕೆಲಸ ಸಿಗದು. ನಮ್ಮ ಮನೆಗಳಲ್ಲಿ ಹಿರಿಯರಿಗೆ ದಿನವಿಡೀ ‘ನಿಧಾನ, ನಿಧಾನ’ ಎನ್ನುತ್ತೇವೆ. ಅಕ್ಕರೆಯ ಮಾತೇ. ಆದರೆ ದಿನಕ್ಕೆ ಐದು ನಿಮಿಷವಾದರೂ ವೇಗಕ್ಕೆ ಬಿಡಿ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿ ಸಾಕು: ಥಟ್ಟನೆ ಏಳುವುದು, ಮೆಲ್ಲಗೆ ಕೂರುವುದು, ಹತ್ತು ಸಲ. ಮಂಡಿನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಲಿ. ಮೊದಲ ಕೆಲವು ದಿನ ಮನೆಯವರು ಯಾರಾದರೂ ಪಕ್ಕದಲ್ಲಿ ನಿಲ್ಲಲಿ.